ಸ್ಕೈರಿಮ್ ಮಾಡ್: ನನ್ನ ಹತ್ರ ಸರಿ ಇದೆ, ಗೆಳೆಯನ ಹತ್ರ ಗೋಪುರ ಪೂರ್ತಿ ನೇರಳೆ. ಟೀಮ್ ಕೂಡ ಬೇಕು

ದೀಪದಹುಳ:

ಎಲ್ಲರಿಗೂ ನಮಸ್ಕಾರ. ಸ್ಕೈರಿಮ್ ಸ್ಪೆಷಲ್ ಎಡಿಷನ್ ಆಟಕ್ಕೆ ಒಂದು ಮಾಡ್ (ಆಟಗಾರರೇ ಮಾಡಿ ಆಟಕ್ಕೆ ಸೇರಿಸುವ ಭಾಗ) ಮಾಡ್ತಾ ಇದ್ದೇನೆ, ಮಾಡಿಂಗ್‌ಗೆ ಪೂರ್ತಿ ಹೊಸಬ. ಉತ್ತರದ ಸೀ ಆಫ್ ಗೋಸ್ಟ್ಸ್‌ನಲ್ಲಿ ಒಂದು ಸಣ್ಣ ದ್ವೀಪ, ಅದರ ಮೇಲೆ ಹಾಳುಬಿದ್ದ ದೀಪಸ್ತಂಭ, ಅದನ್ನು ಕಾಯುವ ಒಬ್ಬ ಮುದುಕ. ಅವನನ್ನು ಮಾತಾಡಿಸಿದರೆ ಕಥೆ ಶುರು. ಗೋಪುರದ ಮಾಡೆಲ್ ಬ್ಲೆಂಡರ್‌ನಲ್ಲಿ ನಾನೇ ಮಾಡಿದ್ದು, ಅದರ ಮೇಲೆ ಹೊದಿಸುವ ಚಿತ್ರ, ಅಂದರೆ ಟೆಕ್ಸ್ಚರ್ ಗಿಂಪ್‌ನಲ್ಲಿ, ಉಳಿದಿದ್ದೆಲ್ಲ ಆಟದ ಎಡಿಟರ್ ಆದ ಕ್ರಿಯೇಷನ್ ಕಿಟ್‌ನಲ್ಲಿ.

ಸಮಸ್ಯೆ ಏನಂದರೆ, ನಾನು ಆಡುವಾಗ ಗೋಪುರ ಚೆನ್ನಾಗಿ ಕಾಣುತ್ತದೆ. ಜಿಪ್ ಮಾಡಿ ಗೆಳೆಯನಿಗೆ ಕಳಿಸಿದೆ. ಅವನ ಹತ್ರ ಇಡೀ ಗೋಪುರ ಕಣ್ಣಿಗೆ ಹೊಡೆಯುವ ನೇರಳೆ ಬಣ್ಣ! ಮುದುಕನ ಮುಖ ಕಪ್ಪು, ಮೈ ಮಾತ್ರ ಮಾಮೂಲಿ ಬಣ್ಣ. ಮಾತಾಡಿಸಿದರೆ ನಾನು ಬರೆದ ಸಾಲುಗಳು ಬರೋದೇ ಇಲ್ಲ.

ಇನ್ನೊಂದು ವಿಷಯ, ಟೀಮ್ ಬೇಕು. ಕಥೆ ಬರೆಯುವವರು, ತ್ರೀಡಿ ಮಾಡುವವರು, ಸ್ಕ್ರಿಪ್ಟ್ ಬರೆಯುವವರು, ದನಿ ಕೊಡುವವರು, ಸಂಗೀತ ಮಾಡುವವರು. ಮುಂದೆ ಇದನ್ನು ನಾಲ್ಕು ದ್ವೀಪಗಳ ದೊಡ್ಡ ಮಾಡ್ ಮಾಡುವ ಆಸೆ ಇದೆ. ದುಡ್ಡು ಕೊಡಲು ಆಗಲ್ಲ, ಹವ್ಯಾಸಕ್ಕೆ ಮಾಡ್ತಿರೋದು. ಹೇಗೆ ಹುಡುಕೋದು, ಯಾರಾದರೂ ಹೇಳಿ.

ಕಬ್ಬಿಣದಕಡಲೆ:

ಮೊದಲು ನೇರಳೆ. ಸ್ಕೈರಿಮ್‌ನಲ್ಲಿ ನೇರಳೆ ಬಣ್ಣ ಬಂತು ಅಂದರೆ ಮಾಡೆಲ್ ಸಿಕ್ಕಿದೆ, ಟೆಕ್ಸ್ಚರ್ ಸಿಕ್ಕಿಲ್ಲ ಅಂತ ಅರ್ಥ. ಮಾಡೆಲ್ಲೇ ಸಿಗದಿದ್ದರೆ ಕೆಂಪು ಆಶ್ಚರ್ಯಸೂಚಕ ಚಿಹ್ನೆ ಬರ್ತಿತ್ತು. ಹಾಗಾಗಿ ನಿಮ್ಮ ನಿಫ್ ಫೈಲ್, ಅಂದರೆ ಮಾಡೆಲ್, ಗೆಳೆಯನಿಗೆ ಸರಿಯಾಗೇ ತಲುಪಿದೆ, ಅದರ ಒಳಗೆ ಬರೆದಿರುವ ಟೆಕ್ಸ್ಚರ್‌ನ ವಿಳಾಸ ತಪ್ಪಿದೆ ಅನ್ನಿಸುತ್ತದೆ.

ನಿಫ್ ಫೈಲ್ ತೆರೆದು ತಿದ್ದುವ ನಿಫ್‌ಸ್ಕೋಪ್‌ನಲ್ಲಿ ಗೋಪುರವನ್ನು ತೆರೆಯಿರಿ. ಎಡಗಡೆ ಪಟ್ಟಿಯಲ್ಲಿ ಬಿಎಸ್‌ಶೇಡರ್‌ಟೆಕ್ಸ್ಚರ್‌ಸೆಟ್ ಅಂತ ಒಂದು ಬ್ಲಾಕ್ ಇರುತ್ತದೆ. ಅದನ್ನು ಒತ್ತಿ, ಕೆಳಗೆ ಟೆಕ್ಸ್ಚರ್ಸ್ ಅನ್ನೋ ಸಾಲನ್ನು ಬಿಡಿಸಿ. ಮೊದಲನೇ ಸಾಲು ಬಣ್ಣದ್ದು, ಎರಡನೇದು ನಾರ್ಮಲ್ ಮ್ಯಾಪ್, ಅಂದರೆ ಉಬ್ಬುತಗ್ಗು ತೋರಿಸುವ ಚಿತ್ರ. ಅಲ್ಲಿ ಏನು ಬರೆದಿದೆ ಅಂತ ಹಾಗೇ ಇಲ್ಲಿ ಹಾಕಿ.

ದೀಪದಹುಳ:

ನೋಡಿದೆ. ಎರಡೂ ಸಾಲು ಸಿ ಡ್ರೈವ್‌ನಿಂದ ಶುರುವಾಗುತ್ತವೆ. ಆಮೇಲೆ ಯೂಸರ್ಸ್, ನನ್ನ ಹೆಸರು, ಡೆಸ್ಕ್‌ಟಾಪ್, ದೀಪ, ಕೊನೆಗೆ ಗೋಡೆ ಡಿಡಿಎಸ್ ಅನ್ನೋ ಟೆಕ್ಸ್ಚರ್ ಫೈಲ್. ಇದೇನಾ ಕಾರಣ?

ಕಬ್ಬಿಣದಕಡಲೆ:

ಅದೇ. ಆ ಜಾಗ ಜಗತ್ತಿನಲ್ಲಿ ನಿಮ್ಮ ಕಂಪ್ಯೂಟರ್‌ನಲ್ಲಿ ಮಾತ್ರ ಇದೆ ಅಲ್ವಾ. ಬ್ಲೆಂಡರ್‌ನಿಂದ ಹೊರತೆಗೆಯುವಾಗ ಪೂರ್ತಿ ವಿಳಾಸ ಸೇರಿಕೊಂಡುಬಿಡುತ್ತದೆ, ತುಂಬಾ ಜನಕ್ಕೆ ಹೀಗಾಗುತ್ತದೆ. ವಿಳಾಸ ಯಾವಾಗಲೂ ಟೆಕ್ಸ್ಚರ್ಸ್ ಅನ್ನೋ ಫೋಲ್ಡರ್ ಹೆಸರಿನಿಂದಲೇ ಶುರುವಾಗಬೇಕು, ಅದರ ಹಿಂದೆ ಏನೂ ಇರಬಾರದು. ಟೆಕ್ಸ್ಚರ್ಸ್, ಅದರೊಳಗೆ ನಿಮ್ಮ ಮಾಡ್ ಹೆಸರಿನ ಫೋಲ್ಡರ್, ಅದರೊಳಗೆ ಡಿಡಿಎಸ್. ಆಟದ ಡೇಟಾ ಫೋಲ್ಡರ್ ಒಳಗೂ ಫೈಲ್‌ಗಳನ್ನು ಅದೇ ಥರ ಇಡಿ. ಗೋಪುರದಲ್ಲಿ ಗೋಡೆ, ಬಾಗಿಲು, ಚಾವಣಿ ಅಂತ ಬೇರೆ ಬೇರೆ ಭಾಗ ಇದ್ದರೆ ಪ್ರತಿಯೊಂದಕ್ಕೂ ಒಂದೊಂದು ಬ್ಲಾಕ್ ಇರುತ್ತದೆ, ಎಲ್ಲವನ್ನೂ ನೋಡಿ.

ಮುಖದ ವಿಷಯಕ್ಕೆ ಒಂದು ಪ್ರಶ್ನೆ. ಗೆಳೆಯನಿಗೆ ಕಳಿಸುವ ಮುಂಚೆ ಇಎಸ್‌ಪಿ ಫೈಲ್‌ನ (ಮಾಡ್‌ನ ಮುಖ್ಯ ಫೈಲ್, ಪ್ಲಗಿನ್ ಅಂತಲೂ ಅನ್ನುತ್ತಾರೆ) ಹೆಸರು ಬದಲಾಯಿಸಿದ್ರಾ?

ದೀಪದಹುಳ:

ನೇರಳೆ ಹೋಯಿತು!! ಗೆಳೆಯ ಈಗಷ್ಟೇ ಫೋಟೋ ಕಳಿಸಿದ, ಕಲ್ಲಿನ ಬಣ್ಣ ಸರಿಯಾಗಿ ಬಂದಿದೆ. ತುಂಬಾ ಥ್ಯಾಂಕ್ಸ್.

ಹೌದು, ಹೆಸರು ಬದಲಾಯಿಸಿದ್ದೆ. ಮೊದಲು ಟೆಸ್ಟ್ ಅಂತಿತ್ತು, ಕಳಿಸುವಾಗ ದೀಪಸ್ತಂಭ ಅಂತ ಮಾಡಿದೆ. ಅದಕ್ಕೂ ಮುಖಕ್ಕೂ ಏನು ಸಂಬಂಧ?

ಕಬ್ಬಿಣದಕಡಲೆ:

ಸಂಬಂಧ ಜಾಸ್ತಿನೇ ಇದೆ. ನೀವು ಮುದುಕನ ಮುಖ ತಿದ್ದಿದಾಗ ಕ್ರಿಯೇಷನ್ ಕಿಟ್ ಆ ತಲೆಯನ್ನು ಬೇರೆ ನಿಫ್ ಆಗಿ, ಮುಖದ ಬಣ್ಣವನ್ನು ಬೇರೆ ಡಿಡಿಎಸ್ ಆಗಿ ಬರೆದಿಡುತ್ತದೆ. ಫೇಸ್‌ಜೆನ್‌ಡೇಟಾ ಅನ್ನೋ ಫೋಲ್ಡರ್ ನೋಡಿ. ಮೆಷಸ್ ಒಳಗೊಂದು ಇರುತ್ತದೆ, ಟೆಕ್ಸ್ಚರ್ಸ್ ಒಳಗೊಂದು ಇರುತ್ತದೆ. ಅದರೊಳಗೆ ನಿಮ್ಮ ಇಎಸ್‌ಪಿ ಹೆಸರಿನದೇ ಒಂದು ಫೋಲ್ಡರ್, ಅದರೊಳಗೆ ಪಾತ್ರದ ಫಾರ್ಮ್ ಐಡಿ (ಗುರುತಿನ ಸಂಖ್ಯೆ) ಹೆಸರಿನ ಫೈಲ್. ನೀವು ಇಎಸ್‌ಪಿಗೆ ಹೊಸ ಹೆಸರು ಕೊಟ್ಟಿರಿ, ಫೋಲ್ಡರ್ ಇನ್ನೂ ಟೆಸ್ಟ್ ಅಂತಲೇ ಇದೆ. ಆಟ ಹೊಸ ಹೆಸರಲ್ಲಿ ಹುಡುಕುತ್ತದೆ, ಸಿಗಲ್ಲ, ಮುಖ ಕಪ್ಪಾಗುತ್ತದೆ. ಸುಮ್ನೆ ಫೋಲ್ಡರ್ ಹೆಸರು ಬದಲಿಸಿದರೆ ಸಾಲದು, ಯಾಕಂದರೆ ತಲೆಯ ನಿಫ್ ಒಳಗೂ ಹಳೇ ಹೆಸರಿನ ವಿಳಾಸ ಕೂತಿರುತ್ತದೆ. ಹೊಸ ಹೆಸರಿನ ಇಎಸ್‌ಪಿಯನ್ನು ಆ್ಯಕ್ಟಿವ್ ಮಾಡಿ ತೆರೆಯಿರಿ, ಆ್ಯಕ್ಟರ್ ಪಟ್ಟಿಯಲ್ಲಿ ಮುದುಕನನ್ನು ಆರಿಸಿ, ಕಂಟ್ರೋಲ್ ಎಫ್4 ಒತ್ತಿ. ಮತ್ತೆ ಬರೆದುಕೊಡುತ್ತದೆ.

ಮಾತು ಬರದಿರುವುದಕ್ಕೂ ಇದೇ ಮೂಲ ಅಂತ ನನ್ನ ಅನುಮಾನ. ನಿಮ್ಮ ಕಥೆಯ ಕ್ವೆಸ್ಟ್‌ನಲ್ಲಿ ಸ್ಟಾರ್ಟ್ ಗೇಮ್ ಎನೇಬಲ್ಡ್ (ಆಟದ ಜೊತೆಗೇ ಶುರುವಾಗಲಿ ಅನ್ನೋ ಆಯ್ಕೆ) ಟಿಕ್ ಮಾಡಿದ್ದರೆ ಅದಕ್ಕೆ ಒಂದು ಎಸ್‌ಇಕ್ಯೂ ಫೈಲ್ ಬೇಕು. ಅದೂ ಇಎಸ್‌ಪಿ ಹೆಸರಿನದೇ ಆಗಿರಬೇಕು, ಡೇಟಾ ಒಳಗಿನ ಸೆಕ್ ಫೋಲ್ಡರ್‌ನಲ್ಲಿ ಇರಬೇಕು. ಅದಿಲ್ಲದಿದ್ದರೆ ಆಟ ಸೇವ್ ಮಾಡಿ ಮತ್ತೆ ಲೋಡ್ ಮಾಡುವ ತನಕ ಸಾಲುಗಳು ಬರಲ್ಲ. ನೀವು ಪರೀಕ್ಷೆ ಮಾಡುವಾಗ ಸೇವ್, ಲೋಡ್ ಮಾಡುತ್ತಲೇ ಇರುತ್ತೀರಿ, ಹಾಗಾಗಿ ನಿಮಗೆ ಇದು ಕಾಣಿಸಲೇ ಇಲ್ಲ. ಪ್ಲಗಿನ್ ತಿದ್ದುವ ಎಕ್ಸ್‌ಎಡಿಟ್‌ನಲ್ಲಿ ನಿಮ್ಮ ಪ್ಲಗಿನ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಎಸ್‌ಇಕ್ಯೂ ಫೈಲ್ ಮಾಡುವ ಆಯ್ಕೆ ಸಿಗುತ್ತದೆ.

ಮುಂದೆ ದನಿ ಸೇರಿಸಿದಾಗಲೂ ಅಷ್ಟೇ, ದನಿಯ ಫೈಲ್‌ಗಳೂ ಇಎಸ್‌ಪಿ ಹೆಸರಿನ ಫೋಲ್ಡರ್‌ನಲ್ಲೇ ಕೂರುತ್ತವೆ. ಹಾಗಾಗಿ ಈಗಲೇ ಒಂದು ಹೆಸರು ಗಟ್ಟಿ ಮಾಡಿ, ಇನ್ನು ಮುಟ್ಟಬೇಡಿ.

ಬಾವಲಿ:

ಮೇಲಿನವರು ಹೇಳಿದ್ದೆಲ್ಲ ಸರಿ. ಒಂದು ಸೇರಿಸುತ್ತೇನೆ. ಕಳಿಸುವ ಮುಂಚೆ ನೀವೇ ಗೆಳೆಯನ ಜಾಗದಲ್ಲಿ ಕೂತು ನೋಡುವ ದಾರಿ ಇದೆ. ಮಾಡ್‌ಗಳನ್ನು ನಿಭಾಯಿಸುವ ಮಾಡ್ ಆರ್ಗನೈಸರ್ 2 ಹಾಕಿಕೊಳ್ಳಿ, ಕ್ರಿಯೇಷನ್ ಕಿಟ್ ಅನ್ನೂ ಅದರ ಮೂಲಕವೇ ತೆರೆಯಿರಿ. ಆಗ ಹೊಸ ಫೈಲ್‌ಗಳು ಆಟದ ಡೇಟಾ ಫೋಲ್ಡರ್‌ಗೆ ಬೀಳದೆ ಓವರ್‌ರೈಟ್ ಅನ್ನೋ ಕಡೆ ಬೀಳುತ್ತವೆ, ಏನೇನು ಹುಟ್ಟಿತು ಅಂತ ಕಣ್ಣಿಗೆ ಕಾಣುತ್ತದೆ. ಆಮೇಲೆ ಹೊಸ ಪ್ರೊಫೈಲ್ ಮಾಡಿ, ನೀವು ಕಳಿಸುವ ಜಿಪ್ ಒಂದನ್ನೇ ಹಾಕಿ, ಆಟ ಶುರು ಮಾಡಿ. ಮೇನ್ ಮೆನುನಲ್ಲೇ ಕನ್ಸೋಲ್ (ಆದೇಶ ಟೈಪ್ ಮಾಡುವ ಕಿಟಕಿ) ತೆರೆದು ಸಿಒಸಿ, ಜಾಗ ಬಿಟ್ಟು ನಿಮ್ಮ ಸೆಲ್, ಅಂದರೆ ದ್ವೀಪದ ಆ ಭಾಗದ ಹೆಸರು ಟೈಪ್ ಮಾಡಿ. ನೇರ ದ್ವೀಪಕ್ಕೆ ಹೋಗುತ್ತೀರಿ, ಹಳೇ ಸೇವ್‌ನ ಗಲೀಜು ಯಾವುದೂ ಜೊತೆಗೆ ಬರಲ್ಲ. ನೆನಪಿಡಿ, ಈಗಾಗಲೇ ಡೇಟಾ ಫೋಲ್ಡರ್‌ನಲ್ಲಿ ನೀವು ಇಟ್ಟಿರುವ ಫೈಲ್‌ಗಳನ್ನು ಮೊದಲು ಹೊರಗೆ ತೆಗೆಯಬೇಕು, ಇಲ್ಲದಿದ್ದರೆ ಈ ಪರೀಕ್ಷೆಗೆ ಅರ್ಥ ಇಲ್ಲ.

ದೀಪದಹುಳ:

ಮುಖ ಬಂತು, ಮಾತೂ ಬಂತು. ಆದರೆ ಸಾಲು ಓದುವ ಮೊದಲೇ ಮಾಯ ಆಗುತ್ತದೆ. ದನಿ ಇಲ್ಲ ಅಂತಾನಾ?

ಮತ್ತೆ ಟೀಮ್ ಬಗ್ಗೆ ಯಾರೂ ಏನೂ ಹೇಳಲಿಲ್ಲ...

ಬಾವಲಿ:

ದನಿ ಇಲ್ಲ ಅಂತಲೇ. ಎಸ್‌ಕೆಎಸ್‌ಇ (ಕೆಲವು ಮಾಡ್‌ಗಳಿಗೆ ಬೇಕಾಗುವ ಸ್ಕ್ರಿಪ್ಟ್ ವಿಸ್ತರಣೆ) ಹಾಕಿ, ಅದರ ಮೇಲೆ ಫಜ್ ರೋ ಡೋ ಅನ್ನೋ ಮಾಡ್ ಹಾಕಿ. ದನಿ ಇಲ್ಲದ ಸಾಲುಗಳೂ ಓದುವಷ್ಟು ಹೊತ್ತು ನಿಲ್ಲುತ್ತವೆ. ದನಿ ಸಿಗುವ ತನಕ ಇದು ಸಾಕು.

ಟೀಮ್ ಬಗ್ಗೆ ನನಗೆ ಅನ್ನಿಸಿದ್ದನ್ನು ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾಲ್ಕು ದ್ವೀಪ, ಐದು ಕೆಲಸಕ್ಕೆ ಜನ ಬೇಕು ಅಂತ ಕೇಳಿದರೆ ಯಾರೂ ಬರಲ್ಲ. ಬಂದರೂ ನಿಲ್ಲಲ್ಲ. ಯಾಕಂದರೆ ಬರುವವರಿಗೆ ತಾನು ಇವತ್ತು ಕೂತು ಏನು ಮಾಡಬೇಕು ಅಂತ ಗೊತ್ತಾಗಲ್ಲ, ಯಾವಾಗ ಮುಗಿಯುತ್ತದೆ ಅಂತಲೂ ಗೊತ್ತಾಗಲ್ಲ. ಪುಕ್ಕಟೆ ಕೆಲಸ ಮಾಡುವವರು ತಮ್ಮ ಸಂಜೆಯನ್ನು ಕೊಡುತ್ತಿದ್ದಾರೆ, ಆ ಸಂಜೆ ಹಾಳಾಗಲ್ಲ ಅಂತ ಅವರಿಗೆ ನಂಬಿಕೆ ಬರಬೇಕು. ನಿಮ್ಮ ಹತ್ರ ಅದಕ್ಕೆ ಬೇಕಾದ್ದು ಈಗಾಗಲೇ ಇದೆ! ನೀವೇ ಮಾಡಿದ ಗೋಪುರ, ಮಾತಾಡುವ ಮುದುಕ. ನಾಲ್ಕು ದ್ವೀಪ ಸದ್ಯಕ್ಕೆ ಪಕ್ಕಕ್ಕಿಡಿ. ಈ ಒಂದು ದ್ವೀಪದ ಕಥೆಯನ್ನು ಶುರುವಿನಿಂದ ಕೊನೆ ತನಕ ಆಡುವ ಹಾಗೆ ಮಾಡಿ, ಆಟದಲ್ಲಿರುವ ಮಾಮೂಲಿ ಸಾಮಾನುಗಳನ್ನೇ ಬಳಸಿ. ಆಮೇಲೆ ಒಬ್ಬರನ್ನು ಕೇಳಿ. ಒಬ್ಬರನ್ನು ಮಾತ್ರ, ಒಂದು ಅಳತೆ ಇರುವ ಕೆಲಸಕ್ಕೆ.

ದೊಡ್ಡ ಮಾಡ್‌ಗಳನ್ನೇ ನೋಡಿ. 2013ರಲ್ಲಿ ಬಂದ ಫಾಲ್ಸ್‌ಕಾರ್ ಹೊಸ ಭೂಮಿಯನ್ನೇ ಸೇರಿಸಿದ ಮಾಡ್, ಅದರ ಕೆಲಸ ಬಹುಪಾಲು ಒಬ್ಬರದೇ. 2015ರ ದಿ ಫರ್ಗಾಟನ್ ಸಿಟಿ ಒಂದೇ ಊರಲ್ಲಿ ನಡೆಯುವ ಕಥೆ, ಅದೇ ಮುಂದೆ 2021ರಲ್ಲಿ ಸ್ವತಂತ್ರ ಆಟವಾಗಿ ಬಂತು. ಎಂಡೆರಾಲ್ ದೊಡ್ಡ ತಂಡದ ಕೆಲಸ ನಿಜ, ಆದರೆ ಅದನ್ನು ಮಾಡಿದ ಷೂರ್‌ಎಐ ತಂಡ ಅದಕ್ಕೂ ಮುಂಚೆ ಇದೇ ಸರಣಿಯ ಹಳೇ ಆಟಗಳಾದ ಮೋರೋವಿಂಡ್‌ಗೆ, ಆಬ್ಲಿವಿಯನ್‌ಗೆ ಮಾಡ್ ಮಾಡಿ ಮುಗಿಸಿತ್ತು. ತಂಡ ಅನ್ನೋದು ಮುಗಿಸಿದ ಕೆಲಸದ ಸುತ್ತ ಸೇರಿಕೊಳ್ಳುತ್ತದೆ.

ಕಬ್ಬಿಣದಕಡಲೆ:

ಒಪ್ಪುತ್ತೇನೆ. ಟೀಮ್ ಬಂದ ಮೇಲೆ ಆಗುವ ತಾಂತ್ರಿಕ ತೊಂದರೆಯನ್ನೂ ಈಗಲೇ ತಿಳಿದುಕೊಳ್ಳಿ. ಕ್ರಿಯೇಷನ್ ಕಿಟ್‌ನಲ್ಲಿ ಒಂದು ಸಲಕ್ಕೆ ಒಂದೇ ಪ್ಲಗಿನ್ ಆ್ಯಕ್ಟಿವ್ ಇರುತ್ತದೆ. ನೀವೂ ಇನ್ನೊಬ್ಬರೂ ಅದೇ ಇಎಸ್‌ಪಿಯ ಎರಡು ನಕಲು ಇಟ್ಟುಕೊಂಡು ಕೆಲಸ ಮಾಡಿದರೆ ಕೊನೆಗೆ ಎರಡು ಫೈಲ್ ಇರುತ್ತವೆ, ಒಂದರ ಮೇಲೊಂದು ಹಾಕಿದರೆ ಒಬ್ಬರ ಕೆಲಸ ಪೂರ್ತಿ ಅಳಿಸಿಹೋಗುತ್ತದೆ. ಎಕ್ಸ್‌ಎಡಿಟ್‌ನಲ್ಲಿ ಒಂದೊಂದೇ ದಾಖಲೆ ನೋಡಿ ಸೇರಿಸಬಹುದು, ಆದರೆ ನ್ಯಾವ್‌ಮೆಷ್ (ಪಾತ್ರಗಳು ಎಲ್ಲಿ ನಡೆಯಬಹುದು ಅನ್ನೋ ನಕ್ಷೆ) ಅಂಥದ್ದರಲ್ಲಿ ಅದು ತಲೆನೋವು. ಅದಕ್ಕೇ ಸಣ್ಣ ತಂಡದಲ್ಲಿ ಇಎಸ್‌ಪಿ ಒಬ್ಬರ ಕೈಯಲ್ಲೇ ಇರಲಿ, ಉಳಿದವರು ಮಾಡೆಲ್, ಟೆಕ್ಸ್ಚರ್, ದನಿ, ಬರಹ ಕೊಡಲಿ. ಫೈಲ್‌ಗಳ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಬಳಸಿ ಅಂತ ಕೆಲವರು ಹೇಳುತ್ತಾರೆ. ಸ್ಕೈರಿಮ್‌ನ ಪ್ಯಾಪಿರಸ್ ಭಾಷೆಯ ಸ್ಕ್ರಿಪ್ಟ್‌ಗಳಿಗೆ ಬಹಳ ಒಳ್ಳೇದು. ಇಎಸ್‌ಪಿಯ ಹಳೇ ಪ್ರತಿಗಳನ್ನು ಕಾಪಾಡುವುದಕ್ಕೂ ಸರಿ, ಆದರೆ ಅದನ್ನು ಬೆಸೆಯುವ ಕೆಲಸ ಗಿಟ್‌ನಿಂದ ಆಗಲ್ಲ.

ಇನ್ನೊಂದು, ಯಾರ ಕೆಲಸ ಯಾವುದು, ಅವರು ನಡುವೆ ಬಿಟ್ಟುಹೋದರೆ ಆ ಮಾಡೆಲ್ ಅಥವಾ ದನಿ ಮಾಡ್‌ನಲ್ಲಿ ಉಳಿಯುತ್ತದಾ ಇಲ್ವಾ, ಇದನ್ನು ಮೊದಲ ದಿನವೇ ಮಾತಾಡಿ ಒಂದು ಟೆಕ್ಸ್ಟ್ ಫೈಲ್‌ನಲ್ಲಿ ಬರೆದಿಡಿ. ಬೇರೆ ಆಟದಿಂದ ತೆಗೆದ ಮಾಡೆಲ್ ಯಾರಾದರೂ ತಂದುಕೊಟ್ಟರೆ ಬೇಡ ಅನ್ನಿ. ಬೇರೆ ಮಾಡ್‌ನದ್ದಾದರೆ ಮಾಡಿದವರ ಒಪ್ಪಿಗೆ ಕೇಳಿ. ಒಳ್ಳೇ ಕೆಲಸ ಮಾಡಿ ಆಮೇಲೆ ಇದೊಂದರಿಂದ ಮಾಡ್ ಕೆಳಗಿಳಿಸಬೇಕಾದರೆ ಹೊಟ್ಟೆ ಉರಿಯುತ್ತದೆ.

ದೀಪದಹುಳ:

ಎಲ್ಲ ಓದಿ, ಕಥೆಯನ್ನು ಒಂದೇ ದ್ವೀಪಕ್ಕೆ ಇಳಿಸಿದೆ. ಈಗ ಶುರುವಿನಿಂದ ಕೊನೆ ತನಕ ಆಡಬಹುದು, ಗೆಳೆಯ ಆಡಿ ಮುಗಿಸಿದ. ಹಾಗಾಗಿ ಹೊಸದಾಗಿ ಕೇಳುತ್ತಿದ್ದೇನೆ:

ಮುದುಕನಿಗೆ ದನಿ ಕೊಡುವ ಒಬ್ಬರು ಬೇಕು. 40 ಸಾಲು ಇವೆ, ಎಲ್ಲವೂ ಚಿಕ್ಕವು. ಅವನು ಮೆಲ್ಲಗೆ ಮಾತಾಡುವವ, ಸಿಟ್ಟು ಒಂದೇ ಕಡೆ ಬರುತ್ತದೆ. ಮಾಡ್ ಜಿಪ್ ಕೊಡುತ್ತೇನೆ, ಆಡಿ ನೋಡಿ ಆಮೇಲೆ ಹೇಳಿ. ಬಿಟ್ಟುಹೋಗಬೇಕು ಅನ್ನಿಸಿದರೆ ನಿಮ್ಮ ದನಿಯನ್ನು ತೆಗೆದುಬಿಡುತ್ತೇನೆ, ಅದನ್ನು ಬರೆದೂ ಕೊಡುತ್ತೇನೆ.

ಮೂರನೇಮಹಡಿ:

ನಾನು ಮಾಡುತ್ತೇನೆ, ನಾಟಕದ ಅಭ್ಯಾಸ ಇದೆ, ಮನೆಯಲ್ಲಿ ಮೈಕ್ ಇದೆ. ಮೊದಲು ಎರಡು ಸಾಲು ಓದಿ ಕಳಿಸುತ್ತೇನೆ, ಹಿಡಿಸಿದರೆ ಉಳಿದದ್ದು. ಆ ಎರಡರಲ್ಲಿ ಒಂದು ಸಿಟ್ಟಿನ ಸಾಲೇ ಇರಲಿ, ದನಿ ಹೊಂದುತ್ತದಾ ಅಂತ ಅಲ್ಲೇ ಗೊತ್ತಾಗುತ್ತದೆ. ವೇವ್ ಫೈಲ್, ಮೊನೊ, 16 ಬಿಟ್, 44100 ಹರ್ಟ್ಜ್‌ನಲ್ಲಿ ಕೊಡುತ್ತೇನೆ, ಸ್ಕೈರಿಮ್‌ಗೆ ಅದೇ ತಾನೇ? ಪ್ರತಿ ಸಾಲಿನ ಪಕ್ಕ ಮುದುಕ ಆಗ ಏನು ಮಾಡುತ್ತಿದ್ದಾನೆ ಅಂತ ಒಂದು ಮಾತು ಬರೆಯಿರಿ, ಬರೀ ಸಾಲು ಕೊಟ್ಟರೆ ಓದಿದ ಹಾಗೆ ಕೇಳಿಸುತ್ತದೆ. ಮತ್ತೆ ಸಾಲುಗಳು ಇನ್ನು ಬದಲಾಗಲ್ಲ ಅಂತ ಖಾತ್ರಿ ಆದ ಮೇಲೆಯೇ ಕಳಿಸಿ. ರೆಕಾರ್ಡ್ ಆದ ಮೇಲೆ ಒಂದು ಪದ ಬದಲಿಸಿದರೂ ಇಡೀ ಸಾಲು ಮತ್ತೆ ಓದಬೇಕಾಗುತ್ತದೆ, ಬೇರೆ ದಿನ ಓದಿದರೆ ದನಿ ಅದೇ ಥರ ಬರಲ್ಲ.

ದೀಪದಹುಳ:

ಅದೇ ಫಾರ್ಮ್ಯಾಟ್ ಸಾಕು. ಕೊನೆಯ ಆರು ಸಾಲು ಇನ್ನೂ ತಿದ್ದುತ್ತಿದ್ದೇನೆ, ಅವು ಬಿಟ್ಟು ಉಳಿದದ್ದು ಗಟ್ಟಿ. ಇವತ್ತು ರಾತ್ರಿ ಜಿಪ್ ಕಳಿಸುತ್ತೇನೆ, ಸಿಟ್ಟಿನ ಸಾಲನ್ನು ಮೇಲೆ ಹಾಕಿರುತ್ತೇನೆ.