ಪದಚರ್ಚೆ: ‘ಕಾಫಿ ಮಾರಿದ ಮೇಲೆ ಕೊಡುತ್ತೇನೆ’, ಇಲ್ಲಿ ‘ಮೇಲೆ’ ಅಂದರೆ ಏನು?

ಕಾಫಿ ತೂಕದ ಚೀಟಿಯ ಹಿಂಬದಿಯಲ್ಲಿ ಎರಡು ಸಾಲು. ‘ಕೈಗಡ ರೂ. 15,000 ತಗೊಂಡಿದ್ದೇನೆ. ಕಾಫಿ ಮಾರಿದ ಮೇಲೆ ಕೊಡುತ್ತೇನೆ.’ ಕೆಳಗೆ ರುಜು, ಪಕ್ಕದಲ್ಲಿ ‘ಹುತ್ತರಿ ಮಾರನೇ ದಿನ’. ಹುತ್ತರಿ ಅಂದರೆ ನಮ್ಮ ಕೊಡಗಿನ ಸುಗ್ಗಿ ಹಬ್ಬ. ಇಸವಿ ಇಲ್ಲ. ಮಡಿಕೇರಿ ಹತ್ತಿರದ ನಮ್ಮ ಮನೆಯ ಬೀರುವಿನಲ್ಲಿ ಎರಡು ಮಳೆಗಾಲ ಕಳೆದು ಚೀಟಿಗೆ ಬೂಷ್ಟು ಹಿಡಿದಿದೆ. ದುಡ್ಡು ಬಂದಿಲ್ಲ. ಕೇಳಿದರೆ, ‘ಕಾಫಿ ಇನ್ನೂ ಮಾರಿಲ್ಲವಲ್ಲ, ರೇಟು ನೋಡ್ತಾ ಇದ್ದೇನೆ’ ಅನ್ನುತ್ತಾನೆ ನೆಂಟ.

ದುಡ್ಡು ಹಾಗಿರಲಿ, ನನ್ನ ತಲೆ ತಿನ್ನುತ್ತಿರುವುದು ‘ಮೇಲೆ’. ಇದು ಹೊತ್ತು ಹೇಳುತ್ತದೋ, ಷರತ್ತು ಹಾಕುತ್ತದೋ? ‘ಊಟ ಆದ ಮೇಲೆ ಬರ್ತೇನೆ’ ಅಂದರೆ ಬರುವುದು ಖಚಿತ. ‘ಮಳೆ ನಿಂತ ಮೇಲೆ’ ಕೂಡ ಹಾಗೇ. ಕೊಡಗಿನ ಮಳೆಯಾದರೂ ಒಂದು ದಿನ ನಿಲ್ಲಲೇಬೇಕು ಅಲ್ವಾ. ‘ನೀನು ಹೇಳಿದ ಮೇಲೆ ಮಾಡದೇ ಇರ್ತೇನಾ’ ಅನ್ನುವಾಗ ಅದೇ ‘ಮೇಲೆ’ ಕಾರಣ ಹೇಳುತ್ತದೆ. ಕಾಫಿ ಮಾರುವುದೋ, ಪೂರ್ತಿ ಅವನ ಕೈಯಲ್ಲಿರುವ ಕೆಲಸ. ‘ಮಾರಿದರೆ’ ಅಂತ ಬರೆದಿದ್ದರೆ ನಾನು ಅವತ್ತೇ ತಕರಾರು ತೆಗೆಯುತ್ತಿದ್ದೆ. ‘ಮೇಲೆ’ ಅಂದದ್ದಕ್ಕೆ ಸುಮ್ನೆ ಒಪ್ಪಿದೆ.

ಇದು ಬರೀ ವ್ಯಾಕರಣದ ಜಗಳವಲ್ಲ. ಒಂದು ಚೀಟಿ ಪ್ರೋನೋಟು (ದುಡ್ಡು ಕೊಡುತ್ತೇನೆ ಅಂತ ಬರೆದು ರುಜು ಹಾಕಿದ ಪತ್ರ) ಅನ್ನಿಸಿಕೊಳ್ಳಲು ಷರತ್ತಿಲ್ಲದ ಮಾತು ಬೇಕು. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 4ನೇ ಸೆಕ್ಷನ್ ಹಾಗೆ ಹೇಳುತ್ತದೆ. ಅಲ್ಲೇ ಒಂದು ಉದಾಹರಣೆಯೂ ಇದೆ: ಇಂಥವಳ ಜೊತೆ ನನ್ನ ಮದುವೆಯಾಗಿ ಏಳು ದಿನಕ್ಕೆ 500 ರೂಪಾಯಿ ಕೊಡುತ್ತೇನೆ ಅಂತ ಬರೆದರೆ ಅದು ಪ್ರೋನೋಟಲ್ಲ. ಮದುವೆ ಮುರಿಯಲೂಬಹುದಲ್ಲ! ಆದರೆ ಸಂಗತಿ ನಡೆಯುವುದು ಖಚಿತ, ಯಾವತ್ತು ಅನ್ನುವುದು ಮಾತ್ರ ಗೊತ್ತಿಲ್ಲ ಅಂತಿದ್ದರೆ ಅದು ಷರತ್ತಲ್ಲ ಅನ್ನುತ್ತದೆ 5ನೇ ಸೆಕ್ಷನ್. ಹಾಗಾದರೆ ಕಾಫಿ ಮಾರಾಟ ಮಳೆ ನಿಂತ ಹಾಗೋ, ಮದುವೆಯ ಹಾಗೋ? ಈ ನೆಂಟನ ಕಾಫಿ ನನಗಂತೂ ಮದುವೆಯ ಹಾಗೇ ಕಾಣುತ್ತದೆ. ಮೇಲಾಗಿ ಟಿಕೇಟು, ಅಂದರೆ ರೆವಿನ್ಯೂ ಸ್ಟಾಂಪು, ಅಂಟಿಸಿಲ್ಲ. ಟಿಕೇಟಿಲ್ಲದ್ದನ್ನು ಪ್ರೋನೋಟು ಅಂತ ಕೋರ್ಟಿನ ಮುಂದೆ ಇಡುವ ಹಾಗಿಲ್ಲ.

ಹಾಗಂತ ಚೀಟಿ ಕಸವಲ್ಲ. ದುಡ್ಡು ತಗೊಂಡದ್ದಕ್ಕೆ ಅದು ಸಾಕ್ಷಿ, ಅವನದೇ ಕೈಬರಹ. ಛಾಪಾ ಕಾಗದ ಇಲ್ಲದಿದ್ದರೆ ಸಾಲವೇ ಅಲ್ಲ ಅನ್ನುವುದು ಸಂತೆ ಮಾತು. ಕೊಟ್ಟ ಸಾಲಕ್ಕೆ ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷ. ಅಷ್ಟರೊಳಗೆ ‘ಬಾಕಿ ಇದೆ’ ಅಂತ ಬರೆದು ರುಜು ಹಾಕಿದರೆ ಅಲ್ಲಿಂದ ಎಣಿಕೆ ಹೊಸದಾಗಿ ಶುರು. ನನ್ನ ಚೀಟಿಯಲ್ಲಿ ಎಣಿಸುವುದು ಯಾವ ಹುತ್ತರಿಯಿಂದ?

‘ಕೈಗಡ’ದ ಬಗ್ಗೆಯೂ ಒಂದು ಮಾತು. ಕೈ, ಕಡ ಸೇರಿ ಆದದ್ದು. ಎರವಲು ತಂದರೆ ತಂದದ್ದನ್ನೇ ವಾಪಸ್ ಕೊಡಬೇಕು, ಕೊಡೆ ತಂದರೆ ಅದೇ ಕೊಡೆ. ಕಡ ತಂದದ್ದು ಖರ್ಚಾಗಿ ಹೋಗುತ್ತದೆ. ಒಂದು ಪಾವು ಸಕ್ಕರೆಗೆ ಇನ್ನೊಂದು ಪಾವು ಸಕ್ಕರೆ. ‘ಸಾಲ’ ಅಂದ ಕೂಡಲೇ ಬರುವ ಬಡ್ಡಿಯ ವಾಸನೆ ಇದಕ್ಕಿಲ್ಲ. ಹಾಗಾಗಿ ಬಡ್ಡಿ ಕೇಳಲು ನನಗೆ ಬಾಯಿಲ್ಲ.

ಇಸವಿ ಹಾಕಿಸಿ, ಟಿಕೇಟು ಅಂಟಿಸಿ ಹೊಸ ಚೀಟಿ ಬರೆಸಬೇಕು ಅಂತಿದ್ದೇನೆ. ‘ಮೇಲೆ’ ಬಿಟ್ಟು ಏನು ಹಾಕಲಿ? ‘ಕೇಳಿದಾಗ ಕೊಡುತ್ತೇನೆ’ ಗಟ್ಟಿ ಮಾತು, ಆದರೆ ನೆಂಟನ ಕೈಯಲ್ಲಿ ಬರೆಸಲು ಸ್ವಲ್ಪ ಒರಟು ಅನ್ನಿಸುತ್ತದೆ. ನಿಮ್ಮ ಕಡೆ ಏನು ಬರೆಯುತ್ತಾರೆ?