ಎತ್ತೋದೋ, ಎತ್ತಿಡೋದೋ?

ಸತೀಶ: ರಾಯರೇ, ನಿಮ್ಮ ಕಲ್ಲುಬೆಂಚಿನ ವಿಷಯ ಅಸೋಸಿಯೇಷನ್ ಮೀಟಿಂಗಲ್ಲಿ ಟೇಬಲ್ ಮಾಡಿದ್ವಿ.

ರಾಯರು: ಭೇಷ್! ಬೆಂಚು ಯಾವತ್ತು ಬರುತ್ತೆ?

ಸತೀಶ: ಬರೋದಾ? ಟೇಬಲ್ ಮಾಡಿದ್ವಿ ಅಂದ್ನಲ್ಲ ಸಾರ್. ಸದ್ಯಕ್ಕೆ ಬೇಡ ಅಂತ.

ರಾಯರು: ಲೋ, 32 ವರ್ಷ ವಿಧಾನಸೌಧದಲ್ಲಿ ಕಡತ ಹೊತ್ತವನು ನಾನು. ಟೇಬಲ್ ಅಂದ್ರೆ ಮಂಡನೆ. ಸಿಎಜಿ ವರದಿ ಟೇಬಲ್ ಆಯ್ತು ಅಂದ್ರೆ ಪತ್ರಕರ್ತರು ಕಾಫಿ ಬಿಟ್ಟು ಓಡಿ ಬರೋರು.

ಸೀನು: ನಿಮ್ಮದು ಲಂಡನ್ ಟೇಬಲ್ಲು ರಾಯರೇ, ಇವನದು ಅಮೆರಿಕದ್ದು. ಅಲ್ಲಿಗೆ ಹೋಗಿ ಎರಡು ವರ್ಷ ಇದ್ದು ಬಂದ, ಬರುವಾಗ ಪೀಠೋಪಕರಣಾನೂ ತಂದ.

ಸತೀಶ: ಇಡೀ ಆಫೀಸು ಹಾಗೇ ಹೇಳುತ್ತಪ್ಪ.

ಸೀನು: ಅದೇ ನನ್ನ ಸಂಕಟ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನಾಧಿಕಾರಿಗಳು ಒಂದು ಪತ್ರ ತಂದು, ತುರ್ತು, ಟೇಬಲ್ ಮಾಡೋಣ ಅಂದ್ರಂತೆ. ಅಮೆರಿಕದವರು ಕೂಡದು ಅಂದ್ರಂತೆ. ಅವರ ಲೆಕ್ಕದಲ್ಲಿ ಟೇಬಲ್ ಅಂದ್ರೆ ಡ್ರಾಯರಿಗೆ ಹಾಕಿ ಮರೆಯೋದು ಅಂತ ಚರ್ಚಿಲ್ಲೇ ಬರೆದಿದ್ದಾರೆ. ಜಗಳ ಕಾವೇರಿದ ಮೇಲೆ ನೋಡಿದ್ರೆ ಇಬ್ಬರಿಗೂ ಬೇಕಾಗಿದ್ದು ಒಂದೇ!

ಸತೀಶ: ನಾವು ನಿಯಮದ ಪ್ರಕಾರವೇ ಮಾಡಿದ್ದು. ರಾಬರ್ಟ್ಸ್ ರೂಲ್ಸ್, 1876, ಸಭೆ ನಡೆಸೋಕೆ ಅಮೆರಿಕದವರ ಕೈಪಿಡಿ.

ಸೀನು: ಪುಸ್ತಕ ಬಿಚ್ಚಿದ್ಯಾ? ಟೇಬಲ್ ಮಾಡೋಕೆ ಒಬ್ಬ ಸೂಚಿಸಬೇಕು, ಇನ್ನೊಬ್ಬ ಅನುಮೋದಿಸಬೇಕು. ಚರ್ಚೆ ಇಲ್ಲ, ತಿದ್ದುಪಡಿ ಇಲ್ಲ, ಬಹುಮತ ಸಾಕು. ಆದ್ರೆ ಅದು ಇರೋದು ನಡುವೆ ತುರ್ತು ಕೆಲಸ ಬಂದಾಗ ಕೈಲಿರೋದನ್ನ ಒಂದು ಗಳಿಗೆ ಪಕ್ಕಕ್ಕಿಡೋಕೆ. ಮುಂದಿನ ತಿಂಗಳು ನೋಡೋಣ ಅನ್ನೋದಾದ್ರೆ ತಾರೀಕು ಹೇಳಿ ಮುಂದೂಡೋ ಸೂಚನೆಯೇ ಬೇರೆ. ಅದಕ್ಕೆ ಚರ್ಚೆ ಉಂಟು, ಅದಕ್ಕೇ ನಿಮಗೆ ಬೇಡ. ಟೇಬಲ್ಲಿಂದ ಇಳಿಸೋಕೂ ಪ್ರತ್ಯೇಕ ಸೂಚನೆ ಬೇಕು. ಮುಂದಿನ ಸಭೆ ಮುಗಿಯೋದ್ರೊಳಗೆ ಯಾರೂ ಇಳಿಸಲಿಲ್ಲ ಅಂದ್ರೆ ವಿಷಯ ಅಲ್ಲೇ ಸತ್ತ ಹಾಗೆ. ಅಮೆರಿಕದ ಕೆಳಮನೆಯಲ್ಲಂತೂ ಟೇಬಲ್ ಮಾಡಿದ ಕ್ಷಣವೇ ತಿಥಿ.

ರಾಯರು: ನಮ್ಮಲ್ಲಿ ಹಾಗಿಲ್ಲ. 1952ರ ಕಾಯ್ದೆ ಪ್ರಕಾರ ವಿಚಾರಣಾ ಆಯೋಗದ ವರದಿ ಬಂದ 6 ತಿಂಗಳೊಳಗೆ, ಏನು ಕ್ರಮ ಕೈಗೊಂಡ್ರಿ ಅನ್ನೋ ಟಿಪ್ಪಣಿ ಸಮೇತ ಸದನದಲ್ಲಿಡಬೇಕು.

ಸೀನು: ಇಟ್ಟ ಮೇಲೆ?

ರಾಯರು: ...

ಸೀನು: ಅಂದ್ರೆ ಹೋಗೋ ದಾರಿ ಬೇರೆ, ಸೇರೋ ಧೂಳು ಒಂದೇ.

ಸತೀಶ: ಹಾಗಾದ್ರೆ ಕನ್ನಡದಲ್ಲಿ ಏನನ್ನಬೇಕು?

ಸೀನು: ನಮ್ಮಲ್ಲಿ ಒಂದೇ ಧಾತು ಎರಡೂ ಕೆಲಸ ಮಾಡುತ್ತೆ, ಆದ್ರೆ ಮೋಸ ಮಾಡಲ್ಲ. ವಿಷಯ ಎತ್ತಿದ್ರೆ ಚರ್ಚೆ, ಎತ್ತಿಟ್ರೆ ಅಟ್ಟ. ಒಂದು 'ಇಡು' ಸೇರಿತು ಅಂದ್ರೆ ಹಳೇ ಹರಿವಾಣದ ಪಕ್ಕಕ್ಕೆ ಹೋಯ್ತು ಅಂತ ನಮ್ಮಜ್ಜಿಗೂ ಗೊತ್ತಾಗೋದು. ನಡಾವಳಿಯಲ್ಲಿ ಟೇಬಲ್ ಅನ್ನೋ ಪದ ಹೊಡೆದುಹಾಕು. ಮಂಡಿಸಲಾಯಿತು ಅಂತ ಬರಿ, ಇಲ್ಲವೇ ಇಂಥ ತಾರೀಕಿಗೆ ಮುಂದೂಡಲಾಯಿತು ಅಂತ ಬರಿ. ತಾರೀಕಿಲ್ಲದ ಮುಂದೂಡಿಕೆ ಅಟ್ಟಕ್ಕೇ ಸಮ.

ಸತೀಶ: ಆಯ್ತಪ್ಪ, ಮುಂದಿನ ಭಾನುವಾರ ಎತ್ತೋಣ.

ಸೀನು: ಪೂರ್ತಿ ಹೇಳು. ಎತ್ತೋದೋ, ಎತ್ತಿಡೋದೋ?

ರಾಯರು: (ಸಂಪಿನ ಮುಚ್ಚಳದ ಮೇಲಿಂದ ಮಂಡಿ ಹಿಡಿದು ಏಳುತ್ತಾ) ನಾನು ಟೇಬಲ್ ಎಲ್ಲಿ ಕೇಳಿದೆನಯ್ಯ, ಕೇಳಿದ್ದು ಬೆಂಚು. ಹೊಂಗೆ ಮರದ ಕೆಳಗೆ, ನಾಲ್ಕೂವರೆ ಅಡಿ.

ಸತೀಶ: ಅದೇ ಅಳತೆ ಬರ್ಕೊಂಡಿದೀನಿ ಸಾರ್.

ರಾಯರು: ಅರ್ಜಿ ಕೊಟ್ಟಾಗ ಇಬ್ಬರಿದ್ವಿ. ಒಂದು ತಿದ್ದುಪಡಿ ಹಾಕ್ಕೊ. ಎರಡಡಿ ಸಾಕು.