ಕೊಯ್ಲಿನ ನಡುವೆ ಬ್ಯಾಂಕ್ ಸಿಬ್ಬಂದಿ ಬದಲಾದರೆ ನಷ್ಟ ಯಾರಿಗೆ?

ಹುಲೇಕಲ್ ತೋಟಿಗ:
ನಮ್ಮ ಶಿರಸಿ ಭಾಗದ ಒಂದು ಬ್ಯಾಂಕ್ ಶಾಖೆಯಲ್ಲಿ ಜನವರಿ ಎರಡನೇ ವಾರ ವ್ಯವಸ್ಥಾಪಕರಿಗೂ ಕೃಷಿ ಅಧಿಕಾರಿಗೂ ಒಟ್ಟಿಗೇ ವರ್ಗಾವಣೆಯಾಯಿತು. ಅಡಿಕೆ ಗೊನೆ ಕೊಯ್ಯುವ ಕೊನೆಗೌಡ ಮರವೇರಿ, ಅಂಗಳದಲ್ಲಿ ಸುಲಿಯುವವರು ಮೆಟ್ಟುಗತ್ತಿಯ ಮುಂದೆ ಕುಳಿತು, ಹಂಡೆಯಲ್ಲಿ ಅಡಿಕೆ ಬೇಯುತ್ತಿರುವ ಹೊತ್ತದು. ಹಿಂದಿನ ಅಧಿಕಾರಿ ಆಗಸ್ಟಿನ ಮಳೆಯಲ್ಲೇ ತೋಟಕ್ಕೆ ಬಂದು, ಕೊಳೆರೋಗ ಬಿದ್ದ ಮರಗಳ ಬುಡದಲ್ಲಿ ಉದುರಿದ್ದ ಕಾಯಿಗಳನ್ನು ಕಣ್ಣಾರೆ ನೋಡಿ ಹೋಗಿದ್ದರು. ಹೊಸಬರು ಪಹಣಿ, ರೈತ ನೋಂದಣಿಯ ಫ್ರೂಟ್ಸ್ ಸಂಖ್ಯೆ, ಫೋಟೊ ಎಲ್ಲವನ್ನೂ ಮತ್ತೊಮ್ಮೆ ಕೇಳಿದರು. ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲದ ಖಾತೆಯಲ್ಲಿ ಮಿತಿ ಉಳಿದಿದ್ದರೂ ವಾರ್ಷಿಕ ಪರಿಶೀಲನೆ ಬಾಕಿಯಿದೆಯೆಂದು ಹಣ ತೆಗೆಯಲು ಬಿಡಲಿಲ್ಲ. ಆ ಶನಿವಾರದ ಕೂಲಿಯನ್ನು ನೆಂಟರಿಂದ ಕೈಗಡ ತಂದು ಕೊಟ್ಟೆ. ಕೊಯ್ಲು ಮುಗಿಯುವವರೆಗೆ ಕೃಷಿ ಸಾಲ ನೋಡುವವರನ್ನು ಬದಲಿಸಬಾರದೆಂಬುದು ನನ್ನ ವಾದ.

ಕಾರವಾರದ ನಿವೃತ್ತ ಬ್ಯಾಂಕ್ ನೌಕರ:
ತಮ್ಮ ಕಷ್ಟ ಅರ್ಥವಾಗುತ್ತದೆ, ಆದರೆ ಬೇಡಿಕೆಯನ್ನು ಒಪ್ಪಲಾರೆ. ಸಾಲ ಮಂಜೂರು ಮಾಡುವ ಕುರ್ಚಿಯಲ್ಲಿ ಒಬ್ಬರೇ ಬಹುಕಾಲ ಕುಳಿತರೆ ಏನಾಗುತ್ತದೆಂಬುದನ್ನು ನಾನು ಒಳಗಿನಿಂದ ಕಂಡಿದ್ದೇನೆ: ಮೊದಲು ಪರಿಚಯ, ಆಮೇಲೆ ದಾಕ್ಷಿಣ್ಯ, ಕೊನೆಗೆ ಮಧ್ಯವರ್ತಿ. ಇಲ್ಲಿ ಕೆಟ್ಟದ್ದು ಅಧಿಕಾರಿ ಹೋದದ್ದಲ್ಲ. ಅವರು ತೋಟದಲ್ಲಿ ಕಂಡದ್ದು ಕಡತಕ್ಕೆ ಇಳಿಯದೆ ಅವರೊಂದಿಗೇ ಹೋದದ್ದು. ಇನ್ನೊಂದು ಮಾತು. ಕಿಸಾನ್ ಕ್ರೆಡಿಟ್ ಕಾರ್ಡಿನ ಮಿತಿಯನ್ನು ಲೆಕ್ಕ ಹಾಕುವಾಗ ಬೆಳೆಯ ಖರ್ಚಿನ ಮೇಲೆ ಶೇ. 10ರಷ್ಟನ್ನು ಕೊಯ್ಲೋತ್ತರ ಹಾಗೂ ಮನೆಖರ್ಚಿಗೆಂದೂ, ಶೇ. 20ರಷ್ಟನ್ನು ಕೃಷಿ ಆಸ್ತಿಗಳ ನಿರ್ವಹಣೆಗೆಂದೂ ಸೇರಿಸಲಾಗುತ್ತದೆ. ತಾವು ಸುಲಿಯುವವರಿಗೆ ಕೊಡಬೇಕಿದ್ದ ಹಣ ಈ ಲೆಕ್ಕದೊಳಗಿನದೇ. ಪರಿಶೀಲನೆಯನ್ನು ನವೆಂಬರಿನಲ್ಲೇ ಮುಗಿಸಿಕೊಂಡಿದ್ದರೆ ಜನವರಿಯಲ್ಲಿ ಯಾರು ಬಂದರೂ ತಡೆಯುವಂತಿರಲಿಲ್ಲ.

ಕುಮಟಾದ ಗದ್ದೆಯವಳು:
ಘಟ್ಟದ ಮೇಲಿನವರು ‘ಕೊಯ್ಲು’ ಎಂದರೆ ಅಡಿಕೆಯೊಂದೇ ಎಂದು ಭಾವಿಸಿದಂತಿದೆ. ನಮ್ಮ ಭತ್ತದ ಕೊಯ್ಲು ಅಕ್ಟೋಬರ್–ನವೆಂಬರಿನಲ್ಲೇ ಮುಗಿದಿರುತ್ತದೆ. ಗದ್ದೆಯ ಹಸಿ ಆರದಿದ್ದರೆ ಕಟಾವು ಯಂತ್ರ ಹೂತುಹೋಗುತ್ತದೆ, ಆರುವವರೆಗೆ ಕಾದರೆ ಪೈರು ಮಲಗುತ್ತದೆ. ಬಾಡಿಗೆ ಮಾತ್ರ ಗಂಟೆಯ ಲೆಕ್ಕದಲ್ಲಿ ಓಡುತ್ತದೆ. ಅಳ್ವೆಕೋಡಿ, ಹಂದಿಗೋಣದ ಸಿಹಿ ಈರುಳ್ಳಿ ಕೀಳುವುದು ಬೇಸಿಗೆಯ ಮೊದಲಿಗೆ. ತಮ್ಮ ಅಡಿಕೆ ಮುಗಿದ ಮೇಲೆ, ಏಪ್ರಿಲ್‌ನಿಂದ ಜೂನ್‌ವರೆಗೆ ಸಿಬ್ಬಂದಿಯನ್ನು ಬದಲಿಸಿದರೆ ಮುಂಗಾರಿನ ಸಾಲಕ್ಕೆ ನಿಂತ ನಾವು ಸಿಕ್ಕಿಬೀಳುತ್ತೇವೆ. ತಮಗೆ ಅನುಕೂಲವಾದ ತಿಂಗಳು ನಮಗೆ ಅನುಕೂಲವಲ್ಲ, ಅಣ್ಣ. ಹೋಗುವವರನ್ನೂ ಬರುವವರನ್ನೂ ಒಂದು ವಾರ ಜೊತೆಯಾಗಿ ಊರೂರು ತಿರುಗಿಸಲಿ. ಇಬ್ಬರನ್ನೂ ಒಂದೇ ದಿನ ಎತ್ತಿದ್ದು ಮಾತ್ರ ತಪ್ಪೇ ಸರಿ.

ಸಿದ್ದಾಪುರದ ಬೆಳೆಗಾರ:
ಇದಕ್ಕೇ ನಾನು ಸಹಕಾರಿ ಸಂಘವನ್ನು ಬಿಟ್ಟಿಲ್ಲ. ಸಂಘದ ಕಾರ್ಯದರ್ಶಿ ನಮ್ಮೂರಿನವರು, ಅದರ ಮೇಲಿನ ಜಿಲ್ಲಾ ಕೇಂದ್ರ ಬ್ಯಾಂಕಿನ ಪ್ರಧಾನ ಕಚೇರಿ ಶಿರಸಿಯಲ್ಲೇ ಇದೆ, ಅಡಿಕೆ ಮಾರುವ ತೋಟಗಾರ್ಸ್ ಸೊಸೈಟಿ 1923ರಿಂದ ಅಲ್ಲಿಯೇ ಇದೆ. ಬೆಳೆಸಾಲವೂ 5 ಲಕ್ಷ ರೂಪಾಯಿಯವರೆಗೆ ಶೂನ್ಯ ಬಡ್ಡಿಯದು. ವಾಣಿಜ್ಯ ಬ್ಯಾಂಕುಗಳಲ್ಲಿ ಸಿಬ್ಬಂದಿಯ ಮಾತಿರಲಿ, ಹೆಸರೇ ಉಳಿಯುವುದಿಲ್ಲ. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾದೊಳಗೆ ಸೇರಿತು, ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗವಾಯಿತು. ನಮ್ಮ ಅಪ್ಪಯ್ಯ ಈಗಲೂ ‘ಸಿಂಡಿಕೇಟಿಗೆ ಹೋಗಿ ಬರುತ್ತೇನೆ’ ಎಂದೇ ಹೊರಡುತ್ತಾರೆ.

ಕಾರವಾರದ ನಿವೃತ್ತ ಬ್ಯಾಂಕ್ ನೌಕರ:
ಶೂನ್ಯ ಬಡ್ಡಿಯೆಂಬುದು ಅವಧಿಯೊಳಗೆ ಮರುಪಾವತಿಸಿದವರಿಗೆ ಮಾತ್ರ, ಗಡುವು ತಪ್ಪಿದರೆ ಬಡ್ಡಿ ಬೀಳುತ್ತದೆ. ಊರವರೇ ಆದ ಕಾರ್ಯದರ್ಶಿಯನ್ನು ಪ್ರಶ್ನಿಸುವುದು ಎಷ್ಟು ಸುಲಭವೆಂಬುದನ್ನೂ ತಾವು ಯೋಚಿಸಬೇಕು. ಪರವೂರಿನ ಅಧಿಕಾರಿಯ ಮೇಲೆ ದೂರು ಬರೆದವರು ಮರುದಿನ ಅವರ ಮನೆಯ ಪೂಜೆಗೆ ಹೋಗಬೇಕಾಗಿರುವುದಿಲ್ಲ.

ಸಿದ್ದಾಪುರದ ಬೆಳೆಗಾರ:
ಆ ಮಾತಿಗೆ ನನ್ನಲ್ಲಿ ಉತ್ತರವಿಲ್ಲ.

ಹುಲೇಕಲ್ ತೋಟಿಗ:
ಎಲ್ಲ ತಿಂಗಳೂ ಯಾರದೋ ಕೊಯ್ಲಿನ ತಿಂಗಳೇ ಎಂಬ ಅಕ್ಕನ ಮಾತಿಗೆ ತಲೆಬಾಗುತ್ತೇನೆ. ಆದರೆ ಹೊಸಬರು ಬಂದಾಗ ಕಳೆದುಹೋಗುವುದು ಕಾಗದ ಮಾತ್ರವಲ್ಲ, ಬೆಳೆಯ ತಿಳಿವಳಿಕೆಯೂ ಹೌದು. ‘ಕೊಯ್ಲಾಗಿದೆಯಲ್ಲ, ಮಾರ್ಚ್ 31ರೊಳಗೆ ಸಾಲ ಕಟ್ಟಿಬಿಡಿ’ ಎಂದು ಅವರು ನಗುತ್ತಲೇ ಹೇಳಿದರು. ಬೇಯಿಸಿದ ಕೆಂಪಡಿಕೆಯಾದರೆ ಬೇಗ ಪೇಟೆಗೆ ಹೋಗುತ್ತದೆ. ಬೇಯಿಸದೆ ಒಣಗಿಸುವ ಚಾಲಿಗೆಂದು ಫೆಬ್ರವರಿಯಲ್ಲಿ ಇಳಿಸಿದ ಹಣ್ಣಡಿಕೆಯಾದರೋ ನಲವತ್ತು ದಿನ ಬಿಸಿಲು ಉಣ್ಣಬೇಕು. ಮೋಡ ಕವಿದರೆ ಇನ್ನೂ ತಡ. ಆ ಗಡುವಿಗೆ ನಾನು ಮಾರಬೇಕಾದದ್ದು ಅರೆ ಒಣಗಿದ ಅಡಿಕೆ, ಅದೂ ಎಲ್ಲರೂ ಸಾಲ ತೀರಿಸಲು ಮಾರುತ್ತಿರುವ ವಾರದಲ್ಲಿ.

ಕಾರವಾರದ ನಿವೃತ್ತ ಬ್ಯಾಂಕ್ ನೌಕರ:
ಇದು ಸರಿಯಾದ ತಕರಾರು, ಮೊದಲೇ ಹೇಳಬೇಕಿತ್ತು. ಬೆಳೆಯ ಕೊಯ್ಲು ಮತ್ತು ಮಾರಾಟದ ಕಾಲವನ್ನು ನೋಡಿ ಮರುಪಾವತಿಯ ದಿನಾಂಕವನ್ನು ನಿಗದಿಪಡಿಸಬೇಕೆಂಬುದು ಕಿಸಾನ್ ಕಾರ್ಡ್ ಯೋಜನೆಯಲ್ಲೇ ಇದೆ. ಹಣಕಾಸು ವರ್ಷ ಮುಗಿಯುವುದಕ್ಕೂ ಚಾಲಿ ಒಣಗುವುದಕ್ಕೂ ಸಂಬಂಧವಿಲ್ಲ. ಗಡುವನ್ನು ಮುಂದಕ್ಕೆ ಹಾಕಬೇಕೆಂದು, ಒಣಗಲು ತಗಲುವ ದಿನಗಳನ್ನು ಕಾಣಿಸಿ, ಲಿಖಿತವಾಗಿ ಕೇಳಿ. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಮಾನ್ಯತೆ ಪಡೆದ ಗೋದಾಮಿನಲ್ಲಿ ಮಾಲು ಇಟ್ಟು ರಸೀದಿಯ ಮೇಲೆ ಅಡಮಾನ ಸಾಲ ಪಡೆಯುವ ದಾರಿಯೂ ಇದೆ.

ಕುಮಟಾದ ಗದ್ದೆಯವಳು:
ಅಡಮಾನ ಸಾಲ ದರ ಏರಿದರೆ ಮಾತ್ರ ಲಾಭ. ಇಳಿದರೆ ಬಡ್ಡಿಯೂ ಹೋಗುತ್ತದೆ, ದರವೂ ಹೋಗುತ್ತದೆ. ಈರುಳ್ಳಿಯವರಿಗೆ ಆ ದಾರಿಯೂ ಇಲ್ಲ. ಹೆಣೆದ ಜಡೆಗಳನ್ನು ಹೆದ್ದಾರಿಯ ಬದಿಗೆ ತೂಗುಹಾಕಿ, ಹೋಗಿಬರುವ ವಾಹನಗಳನ್ನು ಕಾಯಬೇಕು.

ಹುಲೇಕಲ್ ತೋಟಿಗ:
ಮಂಜೂರಾತಿ ಪತ್ರವನ್ನು ತೆಗೆದು ನೋಡಿದೆ. ಗಡುವಿನ ಜಾಗದಲ್ಲಿ ಮಾರ್ಚ್ 31 ಎಂದು ಅಚ್ಚಾಗಿದೆ, ಕೆಳಗೆ ನನ್ನದೇ ಸಹಿಯಿದೆ. ನಮ್ಮ ಕೇರಿಯ ಇನ್ನೂ ನಾಲ್ವರ ಪತ್ರಗಳಲ್ಲೂ ಅದೇ ದಿನಾಂಕ. ಐದೂ ಜನ ಸೇರಿ ಅರ್ಜಿ ಬರೆಯುತ್ತಿದ್ದೇವೆ. ಸೋಮವಾರ ಕೊನೆಗೌಡ ಬರುವುದಿಲ್ಲವಂತೆ, ಅಂದೇ ಶಾಖೆಗೆ ಹೋಗುತ್ತೇವೆ.